ಪಿಂಗ್ ಆದರೂ ಫೇಲ್ ಏಕೆ?

ನೆಟ್‌ವರ್ಕ್ ಎಂಜಿನಿಯರುಗಳು ನಾಲ್ಕು ಜನ ಸೇರಿದ ಕಡೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಎಲ್ಲಾ ಪಿಂಗ್ ಆಗ್ತಿತ್ತು, ಆದ್ರೂ ಫೇಲ್ ಮಾಡಿದ್ರು.’ ಎಂಟು ತಾಸು ಒಂದೇ ಕುರ್ಚಿಯಲ್ಲಿ ಕೂತು, ಹತ್ತಾರು ರೂಟರು, ಸ್ವಿಚ್ಚುಗಳನ್ನು ಒಂದಕ್ಕೊಂದು ಹೊಂದಿಸಿ, ಈ ತುದಿಯಿಂದ ಕಳಿಸಿದ ಸಂದೇಶ ಆ ತುದಿ ಮುಟ್ಟಿ ಮರಳಿದ್ದನ್ನು ಕಣ್ಣಾರೆ ಕಂಡು ಎದ್ದುಬಂದವರು ಹೇಳುವ ಮಾತಿದು. ಒಂದೆರಡು ದಿನದಲ್ಲಿ ಫಲಿತಾಂಶ ಬರುತ್ತದೆ: ಫೇಲ್. ಯಾವ ಪ್ರಶ್ನೆಯಲ್ಲಿ ಎಷ್ಟು ಅಂಕ ಹೋಯಿತು ಎಂಬ ವಿವರ ಅದರಲ್ಲಿ ಇರುವುದಿಲ್ಲ. ನಾನು ಮಾಡಿದ್ದನ್ನು ಯಾರಾದರೂ ನಿಜಕ್ಕೂ ನೋಡಿದರೇ, ನೋಡಿದ್ದರೆ ಏನನ್ನು ನೋಡಿದರು ಎಂಬ ಅನುಮಾನ ಆಗ ಯಾರಿಗಾದರೂ ಹುಟ್ಟಬೇಕಾದ್ದೇ.

ಎಸ್ಸೆಸ್ಸೆಲ್ಸಿ ಮುಗಿಸಿದ ಎಲ್ಲರಿಗೂ ಮೌಲ್ಯಮಾಪನ ಎಂದರೇನೆಂದು ಗೊತ್ತು. ಉತ್ತರಪತ್ರಿಕೆ ಇರುತ್ತದೆ, ಓದುವ ಮೇಷ್ಟ್ರು ಇರುತ್ತಾರೆ, ಅವರ ಮುಂದೆ ಮಾದರಿ ಉತ್ತರ ಇರುತ್ತದೆ. ಲೆಕ್ಕದ ಕೊನೆಯ ಉತ್ತರ ತಪ್ಪಿದರೂ ಹಂತಗಳಿಗೆ ಅಂಕ ಸಿಗುತ್ತದೆ. ಪ್ರಾಯೋಗಿಕ ನೆಟ್‌ವರ್ಕ್ ಪರೀಕ್ಷೆಯಲ್ಲಿ ಇದಾವುದೂ ನಮಗೆ ರೂಢಿಯಿರುವ ರೂಪದಲ್ಲಿ ಇರುವುದಿಲ್ಲ. ಅಲ್ಲಿ ಅಂಕ ಬೀಳುವ ಬಗೆಯೇ ಬೇರೆ. ಅದನ್ನು ಒಮ್ಮೆ ತಿಳಿದುಕೊಂಡರೆ ಪಿಂಗ್ ಆದದ್ದಕ್ಕೂ ಫೇಲ್ ಆದದ್ದಕ್ಕೂ ಇರುವ ವಿರೋಧ ತಾನಾಗಿ ಕರಗುತ್ತದೆ.

ಪ್ರಾಕ್ಟರ್ ಕೈಯಾರೆ ನೋಡುತ್ತಿದ್ದ ಕಾಲ

ಇಂಥ ಪರೀಕ್ಷೆಗಳಲ್ಲಿ ಹೆಚ್ಚು ಹೆಸರಾದದ್ದು ಸಿಸ್ಕೊ ಕಂಪನಿಯ ಸಿಸಿಐಇ. ಸಿಸ್ಕೊ ಸರ್ಟಿಫೈಡ್ ಇಂಟರ್‌ನೆಟ್‌ವರ್ಕ್ ಎಕ್ಸ್‌ಪರ್ಟ್ ಎಂಬುದು ಅದರ ಪೂರ್ಣ ಹೆಸರು. ಆರಂಭವಾದದ್ದು 1993ರಲ್ಲಿ. ಪಾಸಾದವರಿಗೆ ಒಂದು ಕ್ರಮಸಂಖ್ಯೆ ಕೊಡುತ್ತಾರೆ, ಅದು ಬದುಕಿಡೀ ಅವರದೇ. ಆ ಎಣಿಕೆ ಒಂದರಿಂದ ಹೊರಡದೆ 1024ರಿಂದ ಹೊರಟಿತು. ಎರಡನ್ನು ಹತ್ತು ಸಲ ಗುಣಿಸಿದರೆ ಬರುವ, ಕಂಪ್ಯೂಟರಿನವರಿಗೆ ಪ್ರಿಯವಾದ ಸಂಖ್ಯೆ ಅದು. 1024 ಅನ್ನು ಪರೀಕ್ಷೆ ನಡೆಯುವ ಲ್ಯಾಬಿಗೇ ಕೊಟ್ಟರು. 1025 ಪರೀಕ್ಷೆ ರೂಪಿಸಿದ ಸ್ಟುವರ್ಟ್ ಬಿಗ್ಸ್ ಅವರದಾಯಿತು. ಕಂಪನಿಯ ಹೊರಗಿನಿಂದ ಬಂದು ಪರೀಕ್ಷೆ ಎದುರಿಸಿ ಗೆದ್ದ ಮೊದಲಿಗ ಟೆರ್ರಿ ಸ್ಲಾಟರಿ, ಅವರ ಸಂಖ್ಯೆ 1026.

ಆಗ ಪರೀಕ್ಷೆ ಎರಡು ದಿನ ನಡೆಯುತ್ತಿತ್ತು. ಮೊದಲ ದಿನ ಅಭ್ಯರ್ಥಿ ನೆಟ್‌ವರ್ಕ್ ಕಟ್ಟಬೇಕು. ಪ್ರಾಕ್ಟರ್ ಎಂದು ಕರೆಯುವ ಪರೀಕ್ಷಕರು ಒಂದೊಂದೇ ರೂಟರಿಗೆ ಲಾಗಿನ್ ಆಗಿ ಕೈಯಾರೆ ಪರಿಶೀಲಿಸಿ ಅಂಕ ಹಾಕುತ್ತಿದ್ದರು. ಅಂಕ ಸಾಲದವರು ಅಲ್ಲಿಗೇ ಮನೆಗೆ. ಉಳಿದವರು ಎರಡನೇ ದಿನದ ಕೆಲಸ ಮುಂದುವರಿಸಿ ಊಟಕ್ಕೆ ಎದ್ದರೆ, ಅವರು ಮರಳುವಷ್ಟರಲ್ಲಿ ಪ್ರಾಕ್ಟರ್ ಅದೇ ನೆಟ್‌ವರ್ಕಿನಲ್ಲಿ ಬೇಕೆಂದೇ ದೋಷಗಳನ್ನು ಹಾಕಿರುತ್ತಿದ್ದರು. ಅವನ್ನು ಹುಡುಕಿ ಸರಿಪಡಿಸುವುದು ಕೊನೆಯ ಘಟ್ಟ.

2001ರ ಅಕ್ಟೋಬರಿನಿಂದ ಪರೀಕ್ಷೆ ಒಂದೇ ದಿನಕ್ಕೆ ಇಳಿಯಿತು. 2014ರಲ್ಲಿ ರೂಟಿಂಗ್ ಮತ್ತು ಸ್ವಿಚಿಂಗ್ ವಿಭಾಗದ ಲ್ಯಾಬು ಪೂರ್ತಿಯಾಗಿ ವರ್ಚುವಲ್ ಸಾಧನಗಳಿಗೆ, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರಾಗಿ ಓಡುವ ರೂಟರುಗಳಿಗೆ, ಬದಲಾಯಿತು. 2020ರ ಫೆಬ್ರುವರಿಯಿಂದ ಪರೀಕ್ಷೆಗೆ ಎರಡು ಭಾಗ: ಮೂರು ತಾಸು ವಿನ್ಯಾಸದ ಪ್ರಶ್ನೆಗಳು, ಐದು ತಾಸು ಕಟ್ಟುವ, ನಡೆಸುವ ಕೆಲಸ. ಮೊದಲ ಭಾಗದಲ್ಲಿ ಸಾಧನಗಳನ್ನು ಮುಟ್ಟುವಂತಿಲ್ಲ, ಉತ್ತರಿಸಿದ ಪ್ರಶ್ನೆಗೆ ಹಿಂದಿರುಗುವಂತೆಯೂ ಇಲ್ಲ. ಜಗತ್ತಿನ ಕೆಲವೇ ಊರುಗಳಲ್ಲಿ ಇದರ ಕಾಯಂ ಲ್ಯಾಬುಗಳಿವೆ, ಅವುಗಳಲ್ಲಿ ಬೆಂಗಳೂರು ಒಂದು.

ಬರೆದದ್ದನ್ನೋ, ಆದದ್ದನ್ನೋ?

ನೆಟ್‌ವರ್ಕಿಗೆ ಅಂಕ ಹಾಕಲು ಮುಖ್ಯವಾಗಿ ಎರಡು ದಾರಿಗಳಿವೆ. ಅಭ್ಯರ್ಥಿ ಸಾಧನದೊಳಗೆ ಏನೇನು ಆದೇಶ ಬರೆದಿದ್ದಾನೆ ಎಂದು ಓದಿ ಮಾದರಿಯ ಜೊತೆ ಹೋಲಿಸುವುದು ಒಂದು. ಇದನ್ನು ಬರಹ ತಪಾಸಣೆ ಎನ್ನೋಣ. ಆ ಆದೇಶಗಳಿಂದ ಸಾಧನಗಳು ಈಗ ಯಾವ ಸ್ಥಿತಿಯಲ್ಲಿವೆ, ಏನು ಮಾಡುತ್ತಿವೆ ಎಂದು ನೋಡುವುದು ಇನ್ನೊಂದು. ಅದು ಸ್ಥಿತಿ ತಪಾಸಣೆ.

ನಮ್ಮ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಯವಿರುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಬರಹ ತಪಾಸಣೆಗೆ ಒಳ್ಳೆಯ ಉದಾಹರಣೆ. ಅಧ್ಯಾಪಕರು ಮೊದಲು ಸರಿಯುತ್ತರದ ನೆಟ್‌ವರ್ಕೊಂದನ್ನು ಕಟ್ಟಿಡುತ್ತಾರೆ. ಅದರಲ್ಲಿ ಯಾವ ಯಾವ ಅಂಶಕ್ಕೆ ಅಂಕವೆಂದು ಗುರುತು ಹಾಕುತ್ತಾರೆ. ವಿದ್ಯಾರ್ಥಿ ಕಟ್ಟಿದ್ದನ್ನು ತಂತ್ರಾಂಶ ಅಂಶಕ್ಕೆ ಅಂಶ ಹೋಲಿಸಿ ಶೇಕಡಾ ಇಷ್ಟು ಎಂದು ತೋರಿಸುತ್ತದೆ. ಸಂಪರ್ಕ ಸಾಧ್ಯವಾಯಿತೇ ಎಂದು ಪರೀಕ್ಷಿಸುವ ಸೌಲಭ್ಯವೂ ಅದರಲ್ಲಿದೆ, ಆದರೆ ಅಂಕದ ಬಹುಪಾಲು ಹೋಲಿಕೆಯಿಂದಲೇ ಬರುವಂತೆ ಅಭ್ಯಾಸಗಳನ್ನು ರಚಿಸುವುದು ಸಾಮಾನ್ಯ. ಕಲಿಯುವವರಿಗೆ ಇದರಿಂದ ದೊಡ್ಡ ಉಪಕಾರವಿದೆ: ಎಲ್ಲಿ ತಪ್ಪಿತೆಂದು ತಕ್ಷಣ ಗೊತ್ತಾಗುತ್ತದೆ. ತೊಂದರೆಯೂ ಅಲ್ಲೇ ಇದೆ. ನೆಟ್‌ವರ್ಕ್ ಚೆನ್ನಾಗಿ ನಡೆಯುತ್ತಿದ್ದರೂ ಸಾಧನದ ಹೆಸರಿನ ಒಂದಕ್ಷರ ದೊಡ್ಡದಿರುವ ಬದಲು ಚಿಕ್ಕದಾಗಿದ್ದರೆ ಅಂಕ ಹೋಗುತ್ತದೆ. ಅಧ್ಯಾಪಕರು ಊಹಿಸದ, ಆದರೆ ಅಷ್ಟೇ ಸರಿಯಾದ ಇನ್ನೊಂದು ದಾರಿಯಲ್ಲಿ ವಿದ್ಯಾರ್ಥಿ ಹೋದರೆ ತಂತ್ರಾಂಶಕ್ಕೆ ಅದು ತಿಳಿಯುವುದೇ ಇಲ್ಲ.

ಹನಿ ನೀರಾವರಿ ಹಾಕಿಸಿದ ತೋಟವೊಂದನ್ನು ನೆನೆಯಿರಿ. ಪಂಪ್‌ಸೆಟ್ಟು, ಫಿಲ್ಟರು, ಮೇನ್ ಲೈನು, ಅದರಿಂದ ಕವಲೊಡೆದ ಲ್ಯಾಟರಲ್ ಪೈಪುಗಳು, ಗಿಡಕ್ಕೊಂದು ಡ್ರಿಪ್ಪರು. ಕೆಲಸ ಸರಿಯಾಗಿದೆಯೇ ಎಂದು ನೋಡಲು ನಕ್ಷೆ ಹಿಡಿದು ಪೈಪು ಎಣಿಸಬಹುದು. ಅನುಭವಿ ರೈತ ಹಾಗೆ ಮಾಡುವುದಿಲ್ಲ. ಮೋಟರು ಚಾಲೂ ಮಾಡಿಸಿ, ಸ್ವಲ್ಪ ಹೊತ್ತು ಬಿಟ್ಟು, ನೇರ ತೋಟದ ಕೊನೆಯ ಸಾಲಿನ ಕೊನೆಯ ಗಿಡದ ಬಳಿ ಹೋಗಿ ಬುಡ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುತ್ತಾನೆ. ತಜ್ಞರ ಮಟ್ಟದ ನೆಟ್‌ವರ್ಕ್ ಪರೀಕ್ಷೆಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಈ ಎರಡನೇ ದಾರಿಯನ್ನು. ಇಂಥದೇ ವಿಧಾನ ಬಳಸಬೇಕೆಂದು ಪ್ರಶ್ನೆ ಹೇಳದಿದ್ದರೆ, ಫಲ ಕೊಡುವ ಬೇರೆ ವಿಧಾನಕ್ಕೂ ಅಂಕವಿದೆ.

ರೂಟರನ್ನೇ ಕೇಳುವುದು

ಸ್ಥಿತಿ ತಪಾಸಣೆ ನಡೆಯುವುದು ಹೀಗೆ. ಪರೀಕ್ಷೆಯ ಅವಧಿ ಮುಗಿದ ಮೇಲೆ ಒಂದು ಸ್ಕ್ರಿಪ್ಟು, ಅಂದರೆ ಮೊದಲೇ ಬರೆದಿಟ್ಟ ಆದೇಶಗಳ ಸರಣಿ, ಸಾಧನಗಳಿಗೆ ಲಾಗಿನ್ ಆಗುತ್ತದೆ. ಎಂಜಿನಿಯರು ದಿನವೂ ಬಳಸುವ ‘ಶೋ’ ಆದೇಶಗಳನ್ನೇ ಅದೂ ಕೊಡುತ್ತದೆ. ‘ಶೋ ಐಪಿ ರೂಟ್’ ಎಂದರೆ ರೂಟರು ತನಗೆ ಗೊತ್ತಿರುವ ದಾರಿಗಳ ಪಟ್ಟಿ ಒಪ್ಪಿಸುತ್ತದೆ. ‘ಶೋ ಐಪಿ ಓಎಸ್‌ಪಿಎಫ್ ನೇಬರ್’ ಎಂದರೆ ಯಾವ ನೆರೆಯ ರೂಟರಿನ ಜೊತೆ ತನ್ನ ಸಂಬಂಧ ಯಾವ ಹಂತದಲ್ಲಿದೆ ಎಂದು ಹೇಳುತ್ತದೆ. ಬಂದ ಉತ್ತರದಲ್ಲಿ ಬೇಕಾದ ಗುರುತು ಇದೆಯೇ ಎಂದು ಸ್ಕ್ರಿಪ್ಟು ಹುಡುಕುತ್ತದೆ.

‘ಪಿಂಗ್ ಆದರೂ ಫೇಲ್’ ಎಂಬುದಕ್ಕೆ ಮೊದಲ ಕಾರಣ ಇಲ್ಲಿ ಸಿಗುತ್ತದೆ. ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೇಳುವ ಒಂದು ಪುಟ್ಟ ಸಂದೇಶ, ‘ಇದ್ದೇನೆ’ ಎಂಬ ಮರುಸಂದೇಶ. ಸಿಸ್ಕೊ ರೂಟರಿನಿಂದ ಹೊರಡುವ ಪಿಂಗಿನ ಮಾಮೂಲಿ ಗಾತ್ರ 100 ಬೈಟು. ಒಂದು ತಂತಿಯ ಮೇಲೆ ಒಮ್ಮೆಗೆ ಕಳಿಸಬಹುದಾದ ಪೊಟ್ಟಣದ ಗರಿಷ್ಠ ಗಾತ್ರ ಸಾಮಾನ್ಯವಾಗಿ 1500 ಬೈಟು, ಇದನ್ನು ಎಂಟಿಯು ಎನ್ನುತ್ತಾರೆ. ತಂತಿಯ ಒಂದು ತುದಿಯ ರೂಟರಿನಲ್ಲಿ ಈ ಮಿತಿ 1500, ಇನ್ನೊಂದರಲ್ಲಿ 1400 ಎಂದು ನಮೂದಾಗಿದೆ ಅನ್ನಿ. 100 ಬೈಟಿನ ಪಿಂಗು ಎರಡೂ ಮಿತಿಯೊಳಗೆ ಸುಲಭವಾಗಿ ನುಸುಳಿ ಹೋಗಿಬರುತ್ತದೆ. ಆದರೆ ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿ ನೆರೆಯ ರೂಟರುಗಳು ತಮ್ಮ ದಾರಿಗಳ ವಿವರ ಹಂಚಿಕೊಳ್ಳುವ ಮೊದಲು ಈ ಮಿತಿಯನ್ನು ಹೋಲಿಸಿ ನೋಡುತ್ತವೆ. ಹೊಂದದಿದ್ದರೆ ‘ಎಕ್ಸ್‌ಸ್ಟಾರ್ಟ್’ ಎಂಬ ಹಂತದ ಸುತ್ತಮುತ್ತಲೇ ಸಿಕ್ಕಿಕೊಳ್ಳುತ್ತವೆ. ಹಂಚಿಕೆ ಮುಗಿದಾಗ ಕಾಣಬೇಕಾದ ‘ಫುಲ್’ ಎಂಬ ಗುರುತು ಎಂದಿಗೂ ಬರುವುದಿಲ್ಲ.

ಇದರ ಮೇಲೆ ಇನ್ನೊಂದು ಪದರವಿದೆ. ಪರೀಕ್ಷೆಯ ನೆಟ್‌ವರ್ಕಿನಲ್ಲಿ ಎರಡು ಊರುಗಳ ನಡುವೆ ಒಂದಕ್ಕಿಂತ ಹೆಚ್ಚು ದಾರಿ ಇರುವುದು ಮಾಮೂಲು. ಸಿಕ್ಕಿಕೊಂಡ ಕೊಂಡಿಯನ್ನು ಬಿಟ್ಟು ಸುತ್ತುದಾರಿಯಲ್ಲಿ ಸಂದೇಶ ತುದಿ ಮುಟ್ಟುತ್ತದೆ. ಅಭ್ಯರ್ಥಿಯ ಪರದೆಯ ಮೇಲೆ ಪಿಂಗ್ ಯಶಸ್ವಿ. ಸ್ಕ್ರಿಪ್ಟು ಕೇಳುವುದು ಬೇರೆ: ಈ ಎರಡು ರೂಟರುಗಳ ನಡುವೆ ‘ಫುಲ್’ ಇದೆಯೇ? ಇಲ್ಲ. ಸಂದೇಶ ನಾವು ಹೇಳಿದ ಕೊಂಡಿಯ ಮೂಲಕವೇ ಹೋಯಿತೇ? ಇಲ್ಲ. ಪ್ರಶ್ನೆಯ ಅಂಕ ಸೊನ್ನೆ. ಸಂದೇಶ ತಲುಪಿತು ಎಂಬುದು ನಿಜ, ನೆಟ್‌ವರ್ಕು ಕೇಳಿದಂತೆ ಇಲ್ಲ ಎಂಬುದೂ ನಿಜ.

ಐದರಲ್ಲಿ ನಾಲ್ಕು

ಸ್ಥಿತಿಯನ್ನು ಕೇಳುವುದು ಸುಲಭ, ಸರಿಯಾದ ಹೊತ್ತಿನಲ್ಲಿ ಕೇಳುವುದು ಸುಲಭವಲ್ಲ. ಸಿಸ್ಕೊ ರೂಟರು ಪಿಂಗ್ ಎಂದೊಡನೆ ಐದು ಸಂದೇಶ ಕಳಿಸುತ್ತದೆ. ಉತ್ತರ ಬಂದರೆ ಆಶ್ಚರ್ಯಸೂಚಕ ಚಿಹ್ನೆ, ಬಾರದಿದ್ದರೆ ಚುಕ್ಕಿ. ಹೊಸದಾಗಿ ಕಟ್ಟಿದ ನೆಟ್‌ವರ್ಕಿನಲ್ಲಿ ಮೊದಲ ಸಲ ಪಿಂಗ್ ಮಾಡಿದರೆ ಬಹಳ ಸಲ ಕಾಣುವುದು .!!!! ಎಂಬ ಸಾಲು. ಐದರಲ್ಲಿ ನಾಲ್ಕು, ಶೇಕಡಾ 80. ನೆಟ್‌ವರ್ಕಿನಲ್ಲಿ ದೋಷವೇನೂ ಇಲ್ಲ. ಎದುರಿನ ಸಾಧನದ ಐಪಿ ವಿಳಾಸ ರೂಟರಿಗೆ ಗೊತ್ತಿದೆ, ಆದರೆ ಅದೇ ತಂತಿಯ ಮೇಲಿನ ಯಂತ್ರಾಂಶ ವಿಳಾಸ ಇನ್ನೂ ಗೊತ್ತಿಲ್ಲ. ಅದನ್ನು ಎಆರ್‌ಪಿ ಎಂಬ ಕ್ರಮದಲ್ಲಿ ಕೇಳಿ ತಿಳಿಯುವಷ್ಟರಲ್ಲಿ ಮೊದಲ ಸಂದೇಶ ಬಿದ್ದುಹೋಗುತ್ತದೆ. ವಿಳಾಸ ತಿಳಿದ ಮೇಲೆ ಎರಡನೇ ಸಲ ಪಿಂಗ್ ಮಾಡಿದರೆ ಐದಕ್ಕೆ ಐದು. ಇದನ್ನು ತಿಳಿಯದೆ ಬರೆದ ಸ್ಕ್ರಿಪ್ಟು ಸರಿಯಾದ ಕೆಲಸಕ್ಕೆ ಸೊನ್ನೆ ಹಾಕೀತು.

ದೊಡ್ಡ ಕಾಯುವಿಕೆಗಳೂ ಇವೆ. ಹಳೆಯ ಸ್ಪ್ಯಾನಿಂಗ್ ಟ್ರೀ ಪದ್ಧತಿಯಲ್ಲಿ ಸ್ವಿಚ್ಚಿನ ಒಂದು ಪೋರ್ಟು ಕೆಲಸ ಶುರುಮಾಡಲು 15 ಸೆಕೆಂಡಿನ ಎರಡು ಹಂತ ದಾಟಬೇಕು, ಒಟ್ಟು 30 ಸೆಕೆಂಡು. ಈಥರ್‌ನೆಟ್ ಕೊಂಡಿಯ ಮೇಲೆ ಓಎಸ್‌ಪಿಎಫ್ ರೂಟರು 10 ಸೆಕೆಂಡಿಗೊಮ್ಮೆ ‘ಹಲೋ’ ಹೇಳುತ್ತದೆ, 40 ಸೆಕೆಂಡು ಸದ್ದಿಲ್ಲದಿದ್ದರೆ ನೆರೆಯವನು ಇಲ್ಲವೆಂದುಕೊಳ್ಳುತ್ತದೆ. ದಾರಿಗಳ ವಿವರ ಹಂಚುವ ಇನ್ನೊಂದು ಪದ್ಧತಿಯಾದ ಬಿಜಿಪಿಯಲ್ಲಿ ಸಿಸ್ಕೊ ಇಟ್ಟಿರುವ ಮಾಮೂಲಿ ಗಡುವು 180 ಸೆಕೆಂಡು. ನೆಟ್‌ವರ್ಕಿನ ಎಲ್ಲ ಸಾಧನಗಳೂ ಒಂದೇ ತಿಳಿವಳಿಕೆಗೆ ಬರುವ ಈ ನೆಲೆಗೊಳ್ಳುವಿಕೆಗೆ ತಂತ್ರಜ್ಞರು ಕನ್ವರ್ಜೆನ್ಸ್ ಎನ್ನುತ್ತಾರೆ. ಮೋಟರು ಹಾಕಿದ ಮರುಕ್ಷಣ ಕೊನೆಯ ಗಿಡದ ಬುಡ ಒಣಗಿದೆ ಎಂದು ದೂರುವುದು ಹೇಗೆ ತಪ್ಪೋ, ನೆಲೆಗೊಳ್ಳುವ ಮೊದಲೇ ಅಂಕ ಹಾಕುವುದೂ ಹಾಗೆಯೇ ತಪ್ಪು. ಒಳ್ಳೆಯ ತಪಾಸಣೆ ಕಾದು ಕೇಳುತ್ತದೆ, ಬೇಕಾದ ಉತ್ತರ ಬಾರದಿದ್ದರೆ ಇನ್ನೊಮ್ಮೆ ಕೇಳುತ್ತದೆ.

ಅಭ್ಯರ್ಥಿಗಳು ಇದರಿಂದ ಕಲಿಯಬೇಕಾದ್ದೂ ಇದೆ. ಅವಧಿ ಮುಗಿಯಲು ಎರಡು ನಿಮಿಷ ಇರುವಾಗ ಏನನ್ನೋ ಬದಲಿಸಿದರೆ ಅದರ ಪರಿಣಾಮ ಅವರ ಕಣ್ಣಿಗೆ ಬೀಳುವ ಮೊದಲೇ ಗಂಟೆ ಬಾರಿಸಿರುತ್ತದೆ.

‘ಮತ್ತು’ ಎಂಬ ಕೊಂಡಿ

ಈಗ ಇಡೀ ವ್ಯವಸ್ಥೆಯ ತಿರುಳಿಗೆ ಬರೋಣ. ಇಂಥ ಪರೀಕ್ಷೆಯ ಒಂದು ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ಶಾಖೆಯ ಕಚೇರಿಯಿಂದ ಮುಖ್ಯ ಕಚೇರಿಗೆ ಸಂಪರ್ಕ ಕಲ್ಪಿಸಿ, ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದಿಡುವ ಕಾಯಂ ದಾರಿ) ಬಳಸಬೇಡಿ, ಮೊದಲ ಕೊಂಡಿ ಕಡಿದರೆ ಎರಡನೆಯದಕ್ಕೆ ತಾನಾಗಿ ಹೊರಳಬೇಕು, ಮಧ್ಯದ ರೂಟರನ್ನು ಮುಟ್ಟಬೇಡಿ, ಪಾಸ್‌ವರ್ಡು ಬಯಲಾಗಿ ಹರಿಯಬಾರದು. ಒಂದೇ ಪ್ರಶ್ನೆ, ಐದು ಷರತ್ತು. ಅವುಗಳ ನಡುವೆ ಕಾಣದಂತೆ ನಿಂತಿರುವ ಪದ ‘ಮತ್ತು’. ಸಿಸಿಐಇ ಲ್ಯಾಬಿನ ನಿಯಮದಂತೆ ಕಟ್ಟುವ ಪ್ರಶ್ನೆಗಳಿಗೆ ಅರ್ಧ ಅಂಕವಿಲ್ಲ. ಐದೂ ಷರತ್ತು ಈಡೇರಿದರೆ ಪೂರ್ತಿ ಅಂಕ, ನಾಲ್ಕು ಈಡೇರಿ ಒಂದು ತಪ್ಪಿದರೆ ಸೊನ್ನೆ.

ಇದು ಕ್ರೂರ ಎನಿಸಬಹುದು. ಲೆಕ್ಕ ಹಾಕಿ ನೋಡಿದರೆ ಇದರ ಉದ್ದೇಶ ತಿಳಿಯುತ್ತದೆ. ಇಬ್ಬರು ಎಂಜಿನಿಯರುಗಳನ್ನು ಊಹಿಸಿಕೊಳ್ಳಿ. ಒಬ್ಬಾಕೆ ನೂರು ಷರತ್ತುಗಳಲ್ಲಿ 98 ಅನ್ನು ಸರಿಯಾಗಿ ಪೂರೈಸುತ್ತಾಳೆ, ಇನ್ನೊಬ್ಬ 95 ಅನ್ನು. ಷರತ್ತಿಗೆ ಒಂದೊಂದು ಅಂಕವಿದ್ದರೆ ಇಬ್ಬರ ನಡುವೆ ಇರುವುದು ಮೂರೇ ಅಂಕ. ಇಬ್ಬರೂ ಮೇಲ್ದರ್ಜೆಯವರೇ. ಈಗ ಐದೈದು ಷರತ್ತುಗಳನ್ನು ‘ಮತ್ತು’ ಹಾಕಿ ಒಂದೊಂದು ಪ್ರಶ್ನೆ ಮಾಡಿ. ಆಕೆಗೆ ಸರಾಸರಿಯಲ್ಲಿ ನೂರಕ್ಕೆ 90 ಪ್ರಶ್ನೆ ದಕ್ಕುತ್ತವೆ, ಅವನಿಗೆ 77. ಒಂದು ಕಾಲದಲ್ಲಿ ಸಿಸಿಐಇ ಲ್ಯಾಬಿನಲ್ಲಿ ಪಾಸಾಗಲು ನೂರಕ್ಕೆ 80 ಬೇಕಿತ್ತು. ಆ ಗೆರೆಯಿಟ್ಟರೆ ಆಕೆ ಪಾಸು, ಅವನು ಫೇಲು. ತಿಳಿವಳಿಕೆಯಲ್ಲಿ ಇಬ್ಬರಿಗೂ ಹೆಚ್ಚು ಅಂತರವಿಲ್ಲ. ಅಂತರವಿರುವುದು ಮಾಡಿದ್ದನ್ನು ಮತ್ತೆ ತಿರುಗಿ ನೋಡುವ ಅಭ್ಯಾಸದಲ್ಲಿ. ‘ಮತ್ತು’ ಆ ಸಣ್ಣ ಅಂತರವನ್ನು ಹಿಗ್ಗಿಸಿ ತೋರಿಸುತ್ತದೆ.

ಇನ್ನೊಂದು ಬಗೆಯ ‘ಮತ್ತು’ ಪ್ರಶ್ನೆಯ ಹೊರಗೂ ಇದೆ. ಮೇನ್ ಲೈನಿನ ಗೇಟ್‌ವಾಲ್ವು ಮುಚ್ಚಿದ್ದರೆ ಎಷ್ಟು ಚೆನ್ನಾಗಿ ಡ್ರಿಪ್ಪರು ಕೂರಿಸಿದ್ದರೂ ಒಂದು ಗಿಡಕ್ಕೂ ನೀರಿಲ್ಲ. ನೆಟ್‌ವರ್ಕಿನಲ್ಲಿ ಕೆಳಗಿನ ಪದರ ಸ್ವಿಚ್ಚುಗಳದು, ಅದರ ಮೇಲೆ ರೂಟಿಂಗು, ಅದರ ಮೇಲೆ ಸುರಕ್ಷೆ, ಸುರಂಗಗಳು. ಸ್ವಿಚ್ಚಿನಲ್ಲಿ ಒಂದು ವಿಎಲ್ಯಾನ್, ಅಂದರೆ ಅದರೊಳಗಿನ ಒಂದು ಪ್ರತ್ಯೇಕ ಉಪಜಾಲ, ಬಿಟ್ಟುಹೋಗಿದ್ದರೆ ಅದನ್ನು ನೆಚ್ಚಿದ ಮೇಲಿನ ಪ್ರಶ್ನೆಗಳೆಲ್ಲ ಒಟ್ಟಿಗೆ ಬೀಳುತ್ತವೆ. ಮೂರು ಮೂರು ಅಂಕದ ಏಳು ಪ್ರಶ್ನೆ ಹಾಗೆ ಬಿದ್ದರೆ 21 ಅಂಕ ಹೋಗಿ ಉಳಿಯುವುದು 79. ಹಾಗಾಗಿಯೇ ಅನುಭವಿಗಳು ಕೆಳಗಿನ ಪದರವನ್ನು ಪೂರ್ತಿ ಪರೀಕ್ಷಿಸದೆ ಮೇಲೆ ಹತ್ತುವುದಿಲ್ಲ.

ಷರತ್ತುಗಳಲ್ಲಿ ‘ಮಾಡಬೇಡಿ’ ಎಂಬವನ್ನು ಪತ್ತೆಹಚ್ಚಲು ಮಾತ್ರ ಬರಹ ತಪಾಸಣೆಗೆ ಮರಳಲೇಬೇಕು. ಸ್ಟ್ಯಾಟಿಕ್ ರೂಟ್ ಹಾಕಿದರೂ ಸಂದೇಶ ತಲುಪುತ್ತದೆ. ಪಕ್ಕದ ತೋಟದ ಬಾವಿಯಿಂದ ಪೈಪು ಎಳೆದರೂ ಗಿಡದ ಬುಡ ಒದ್ದೆಯಾಗುತ್ತದಲ್ಲ. ಆದ್ದರಿಂದ ಸ್ಕ್ರಿಪ್ಟು ಕಾನ್ಫಿಗರೇಶನ್ನನ್ನೂ ತೆರೆದು, ಇರಬಾರದ ಸಾಲು ಇದೆಯೇ ಎಂದು ನೋಡಬೇಕಾಗುತ್ತದೆ. ‘ಪಿಂಗ್ ಆದರೂ ಫೇಲ್’ ಎಂಬವರಲ್ಲಿ ಬಹಳಷ್ಟು ಜನ ಎಡವುವುದು ಇಲ್ಲಿಯೇ ಎಂದು ನನ್ನ ಅಂದಾಜು. ಅವರು ತಾಂತ್ರಿಕವಾಗಿ ಗೆದ್ದು, ಪ್ರಶ್ನೆ ಓದುವುದರಲ್ಲಿ ಸೋತಿರುತ್ತಾರೆ.

ತಲುಪಬಾರದ್ದು ತಲುಪಲಿಲ್ಲ ತಾನೆ?

ತಡೆಯಬೇಕಾದ್ದನ್ನು ತಡೆದಿದ್ದಾರೆಯೇ ಎಂದು ನೋಡುವುದು ತಪಾಸಣೆಯ ಅತಿ ಸೂಕ್ಷ್ಮ ಭಾಗ. ಅತಿಥಿಗಳ ವೈಫೈನಿಂದ ಲೆಕ್ಕಪತ್ರದ ಸರ್ವರಿಗೆ ದಾರಿ ಇರಬಾರದು ಎಂಬುದು ಪ್ರಶ್ನೆ. ಸ್ಕ್ರಿಪ್ಟು ಅತಿಥಿ ಕಡೆಯಿಂದ ಪಿಂಗ್ ಮಾಡುತ್ತದೆ, ಐದೂ ಚುಕ್ಕಿ ಬರುತ್ತವೆ. ಅಂಕ ಕೊಡಬಹುದೇ? ಕೂಡದು. ಇಡೀ ನೆಟ್‌ವರ್ಕೇ ಸತ್ತಿದ್ದರೂ ಐದು ಚುಕ್ಕಿಗಳೇ ಬರುತ್ತವೆ! ಏನೂ ಮಾಡದವನಿಗೆ ‘ತಡೆ’ಯ ಅಂಕ ಪುಕ್ಕಟೆ ಸಿಕ್ಕಿಬಿಡುತ್ತದೆ.

ಇದಕ್ಕೆ ಪರಿಹಾರ ತಪಾಸಣೆಗಳನ್ನು ಒಂದಕ್ಕೊಂದು ಜೋಡಿಸುವುದು. ಅದೇ ಅತಿಥಿ ಯಂತ್ರದಿಂದ ಇಂಟರ್‌ನೆಟ್ಟಿಗೆ ಹೋಗಲು ಆಗಬೇಕು, ಮತ್ತು ಲೆಕ್ಕಪತ್ರದ ಸರ್ವರಿಗೆ ಹೋಗಲು ಆಗಬಾರದು. ಅದೇ ಸರ್ವರು ಲೆಕ್ಕಪತ್ರ ವಿಭಾಗದವರಿಗೆ ಸಿಗಬೇಕು. ಮೂರೂ ಕೂಡಿದರೆ ಮಾತ್ರ ಆ ಚುಕ್ಕಿಗಳು ತಡೆಯಿಂದ ಬಂದವೆಂದು ನಂಬಬಹುದು. ವಿಜ್ಞಾನದ ಪ್ರಯೋಗಗಳಲ್ಲಿ ಹೋಲಿಕೆಗೆಂದು ಒಂದು ಗುಂಪನ್ನು ಮುಟ್ಟದೆ ಬಿಡುವುದರ ಹಿಂದೆಯೂ ಇದೇ ಯೋಚನೆ ಇದೆ. ನೆಟ್‌ವರ್ಕಿನ ತಪಾಸಣೆ ಬರೆಯುವವರಿಗೆ ಇದು ದಿನನಿತ್ಯದ ಎಚ್ಚರ.

ಕರೆಂಟು ಹೋಗಿ ಬಂದಮೇಲೆ

ಆಟೊ ಸ್ಟಾರ್ಟರ್ ಇಲ್ಲದ ಪಂಪ್‌ಸೆಟ್ಟು ಕರೆಂಟು ಹೋಗಿ ಬಂದರೆ ಸುಮ್ಮನೆ ನಿಂತಿರುತ್ತದೆ. ರೂಟರಿನಲ್ಲೂ ಈಗ ನಡೆಯುತ್ತಿರುವ ಕಾನ್ಫಿಗರೇಶನ್ನು ಬೇರೆ, ಮತ್ತೆ ಶುರುವಾದಾಗ ಓದಿಕೊಳ್ಳಲು ಉಳಿಸಿಟ್ಟದ್ದು ಬೇರೆ. ಉಳಿಸುವುದನ್ನು ಮರೆತರೆ ರೀಲೋಡ್ ಆದಾಗ ಎಂಟು ತಾಸಿನ ಕೆಲಸ ಮಾಯ. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆಗಳಲ್ಲಿ ಇದು ಬಹಿರಂಗ ನಿಯಮ: ಅಭ್ಯರ್ಥಿ ಮಾಡಿದ ಎಲ್ಲವೂ ಯಂತ್ರ ರೀಬೂಟ್ ಆದ ಮೇಲೆ ಯಾರ ಕೈಯೂ ತಾಗದೆ ಕೆಲಸ ಮಾಡಬೇಕು. ಆ ಕಂಪನಿಯ ಆರಂಭಿಕ ಹಂತದ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ 300ಕ್ಕೆ 210 ಬಂದರೆ ಪಾಸು, ಆದರೆ ಯಂತ್ರವೇ ಮೇಲೇಳದಿದ್ದರೆ ಉಳಿದ ಕೌಶಲವನ್ನು ತೋರಿಸಲು ಏನೂ ಇರುವುದಿಲ್ಲ.

ಉಳಿಸಿದರೂ ಕೆಲವು ಸಂಗತಿಗಳು ಬದಲಾಗುತ್ತವೆ. ಒಂದೇ ಈಥರ್‌ನೆಟ್ಟಿನಲ್ಲಿರುವ ಓಎಸ್‌ಪಿಎಫ್ ರೂಟರುಗಳು ತಮ್ಮಲ್ಲೊಂದನ್ನು ಮುಖಂಡನನ್ನಾಗಿ ಆರಿಸಿಕೊಳ್ಳುತ್ತವೆ. ಒಮ್ಮೆ ಆಯ್ಕೆಯಾದ ಮೇಲೆ ಹೆಚ್ಚಿನ ಆದ್ಯತೆಯ ರೂಟರು ತಡವಾಗಿ ಬಂದರೂ ಇದ್ದ ಮುಖಂಡನನ್ನು ಇಳಿಸುವುದಿಲ್ಲ. ಅಭ್ಯರ್ಥಿ ಆದ್ಯತೆಯನ್ನು ಹೊಂದಿಸದೆ, ಬೇಕಾದ ರೂಟರು ಮೊದಲು ಎದ್ದದ್ದರಿಂದಷ್ಟೇ ಅದು ಮುಖಂಡನಾಗಿದ್ದರೆ, ರೀಲೋಡಿನ ನಂತರ ಬೇರೆಯದೇ ಆ ಜಾಗದಲ್ಲಿ ಕೂತೀತು. ಬಿಜಿಪಿಯಲ್ಲಿಯೂ ಹೊರಗಿನಿಂದ ಕಲಿತ ಎರಡು ದಾರಿಗಳು ಬೇರೆಲ್ಲ ವಿಷಯದಲ್ಲಿ ಸಮನಾಗಿದ್ದರೆ ಸಿಸ್ಕೊ ರೂಟರು ಮೊದಲು ಬಂದ ಹಳೆಯ ದಾರಿಯನ್ನು ಆರಿಸುತ್ತದೆ. ಅಂದರೆ ಇಂದಿನ ಸ್ಥಿತಿಯಲ್ಲಿ ಎದ್ದ ಕ್ರಮದ ಚರಿತ್ರೆಯೂ ಸೇರಿದೆ. ಅಭ್ಯರ್ಥಿ ನೋಡಿದ ನೆಟ್‌ವರ್ಕೂ ತಪಾಸಣೆ ನೋಡಿದ ನೆಟ್‌ವರ್ಕೂ ಬೇರೆ ಬೇರೆಯಾಗಿದ್ದು, ಇಬ್ಬರೂ ನಿಜ ಹೇಳುತ್ತಿರಬಹುದು.

ಕೊನೆಯ ಮಾತು ಮನುಷ್ಯರದು

ಇಷ್ಟೆಲ್ಲ ಸ್ಕ್ರಿಪ್ಟಿನ ಮಾತಾದರೂ, ಸಿಸ್ಕೊ ಹೇಳುತ್ತ ಬಂದಿರುವಂತೆ ಯಂತ್ರದ ತಪಾಸಣೆ ಸರಳ ಕೆಲಸಗಳಿಗೆ ನೆರವು ಮಾತ್ರ, ಲ್ಯಾಬಿನ ಅಂತಿಮ ಅಂಕ ತರಬೇತಾದ ಪ್ರಾಕ್ಟರದು. ಇದು ಬೇಕು ಎಂದು ನಾನೂ ನಂಬುತ್ತೇನೆ. ಸ್ಕ್ರಿಪ್ಟಿಗೆ ಗೊತ್ತಿರದ ಉತ್ತರವನ್ನು ಕಂಡು ‘ಇದೂ ಸರಿ’ ಎನ್ನಬಲ್ಲವರು ವಿಷಯ ಬಲ್ಲ ಮನುಷ್ಯರೇ. ಫೇಲಾದವರು ಮರುತಪಾಸಣೆ ಕೇಳುವ ಅವಕಾಶವನ್ನೂ ಸಿಸ್ಕೊ ಹಲವು ವರ್ಷ ಇಟ್ಟಿತ್ತು. ಅದರ ಕ್ರಮ ಗಮನಿಸಬೇಕಾದ್ದು: ಎರಡನೇ ಪ್ರಾಕ್ಟರ್ ಅಭ್ಯರ್ಥಿಯ ಉಳಿಸಿಟ್ಟ ಕಾನ್ಫಿಗರೇಶನ್‌ಗಳನ್ನು ಒಂದು ರ‍್ಯಾಕಿಗೆ ಏರಿಸಿ, ನೆಟ್‌ವರ್ಕನ್ನು ಮತ್ತೆ ಎಬ್ಬಿಸಿ, ಮೊದಲಿನಿಂದ ಅಂಕ ಹಾಕುತ್ತಿದ್ದರು. ನಮ್ಮ ಮರುಮೌಲ್ಯಮಾಪನದಲ್ಲಿ ಕಾಗದ ಮತ್ತೊಮ್ಮೆ ಓದಿಸಿಕೊಳ್ಳುತ್ತದೆ, ಇಲ್ಲಿ ನೆಟ್‌ವರ್ಕು ಮತ್ತೊಮ್ಮೆ ಹುಟ್ಟುತ್ತಿತ್ತು. ಉಳಿಸದೇ ಬಿಟ್ಟ ಸಾಲು ಅಲ್ಲಿಗೆ ಬರುತ್ತಿರಲಿಲ್ಲ.

ಗೆರೆ ಎಲ್ಲಿ ಎಳೆಯುವುದು?

ಪಾಸಿನ ಗೆರೆ ಎಲ್ಲಿರಬೇಕೆಂಬುದಕ್ಕೂ ಒಂದು ಶಾಸ್ತ್ರವಿದೆ. ಅಮೆರಿಕದ ವಿಲಿಯಂ ಆ್ಯಂಗಾಫ್ 1971ರಲ್ಲಿ ಒಂದು ಅಧ್ಯಾಯದ ಅಡಿಟಿಪ್ಪಣಿಯಲ್ಲಿ ಸೂಚಿಸಿದ ವಿಧಾನ ಇಂದು ಅನೇಕ ವೃತ್ತಿ ಪರೀಕ್ಷೆಗಳಲ್ಲಿ ಬಳಕೆಯಲ್ಲಿದೆ. ವಿಷಯ ತಜ್ಞರನ್ನು ಕೂರಿಸಿ, ಕೆಲಸಕ್ಕೆ ಅಂತೂ ಇಂತೂ ಸಾಕು ಎನ್ನಬಹುದಾದ ನೂರು ಜನರನ್ನು ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಈ ಪ್ರಶ್ನೆಯನ್ನು ಅವರಲ್ಲಿ ಎಷ್ಟು ಜನ ಸರಿಯಾಗಿ ಮಾಡಿಯಾರು? ಪ್ರತಿ ಪ್ರಶ್ನೆಗೂ ತಜ್ಞರ ಅಂದಾಜುಗಳ ಸರಾಸರಿ ತೆಗೆದು ಕೂಡಿಸಿದರೆ ಗಡಿ ಅಂಕ ಸಿಗುತ್ತದೆ. ಪ್ರಶ್ನೆಪತ್ರಿಕೆ ಕಠಿಣವಾದರೆ ಗೆರೆ ತಾನಾಗಿ ಕೆಳಗಿಳಿಯುತ್ತದೆ.

ಈಗಿನ ಸಿಸಿಐಇಯಲ್ಲಿ ಗೆರೆ ಒಂದೇ ಅಲ್ಲ. ಎರಡೂ ಭಾಗಗಳ ಒಟ್ಟು ಅಂಕ ಪಾಸಿನ ಗೆರೆ ದಾಟಬೇಕು, ಮತ್ತು ಒಂದೊಂದು ಭಾಗವೂ ತನ್ನದೇ ಕನಿಷ್ಠ ಗೆರೆ ದಾಟಬೇಕು. ವಿನ್ಯಾಸದಲ್ಲಿ ಮಿಂಚಿ ಕಟ್ಟುವುದರಲ್ಲಿ ಸೋತವರನ್ನು ಒಟ್ಟು ಅಂಕ ಕಾಪಾಡುವುದಿಲ್ಲ. ಅದೇ ‘ಮತ್ತು’ ಇಲ್ಲೂ ಕೆಲಸ ಮಾಡುತ್ತಿದೆ. ಫೇಲಾದವರಿಗೆ ವಿಭಾಗವಾರು ಶೇಕಡಾ ಮಾತ್ರ ತಿಳಿಸುತ್ತಾರೆ, ಪ್ರಶ್ನೆವಾರು ಹೇಳುವುದಿಲ್ಲ. ಹೇಳಿದರೆ ಪ್ರಶ್ನೆಗಳು ಸೋರಿ ಬೆಲೆ ಕಳೆದುಕೊಳ್ಳುತ್ತವೆ. ಸಾವಿರಾರು ಡಾಲರು ಸುರಿದು ಕೂತವರಿಗೆ ಇದು ನೋವಿನ ಸಂಗತಿ. ಯಾವ ಬಗೆಯ ಷರತ್ತಿನಲ್ಲಿ ಎಡವಿದರು, ಫಲದಲ್ಲೋ, ನಿರ್ಬಂಧದಲ್ಲೋ, ಸ್ಥಿರತೆಯಲ್ಲೋ, ಎಂಬುದನ್ನಾದರೂ ಪ್ರಶ್ನೆ ಬಯಲಾಗದಂತೆ ಹೇಳಬಹುದು, ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಲ್ಯಾಬುಗಳಿಗೆ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆ ಪ್ರಯೋಗ ಪರೀಕ್ಷೆಯ ಅಂಕವನ್ನು ಬರವಣಿಗೆಗೆ ಶೇಕಡಾ 20, ನಡೆಸಿ ಫಲ ತೋರಿಸುವುದಕ್ಕೆ 60, ಮೌಖಿಕಕ್ಕೆ 20 ಎಂದು ಹಂಚಲು ಸೂಚಿಸುತ್ತದೆ. ಕಲಿಯುವ ಹಂತದಲ್ಲಿ ಹೀಗೆ ಬಿಡಿಬಿಡಿಯಾಗಿ ಅಂಕ ಕೊಡುವುದೇ ಸರಿ, ಮಕ್ಕಳು ಎಲ್ಲಿದ್ದಾರೆಂದು ಮೇಷ್ಟ್ರಿಗೆ ತಿಳಿಯುವುದು ಹಾಗೆ. ‘ಎಲ್ಲ ಇಲ್ಲವೇ ಸೊನ್ನೆ’ ಎಂಬ ನಿಯಮವನ್ನು ಎರಡನೇ ವರ್ಷದ ವಿದ್ಯಾರ್ಥಿಯ ಮೇಲೆ ಹೇರಬಾರದು.

ಆದರೆ ಆ 60ರ ಭಾಗವನ್ನು ಬದಲಿಸಬಹುದು. ಪರದೆಯ ಮೇಲೆ ಪಿಂಗ್ ಕಂಡೊಡನೆ ಸಹಿ ಹಾಕುವ ಬದಲು, ಅಧ್ಯಾಪಕರು ನಾಲ್ಕು ಕೆಲಸ ಮಾಡಿಸಲಿ: ಮಾಡಿದ್ದನ್ನು ಉಳಿಸಿಸಿ ಎಲ್ಲ ರೂಟರುಗಳನ್ನು ರೀಲೋಡ್ ಮಾಡಿಸುವುದು, ನೆಲೆಗೊಳ್ಳಲು ಮೂರು ನಿಮಿಷ ಬಿಡುವುದು, ಒಂದು ಕೊಂಡಿಯನ್ನು ಕಡಿದು ಸಂದೇಶ ಇನ್ನೊಂದರಲ್ಲಿ ಹೋಗುತ್ತದೆಯೇ ಎಂದು ನೋಡುವುದು, ತಲುಪಬಾರದ ಕಡೆಗೂ ಒಮ್ಮೆ ಪಿಂಗ್ ಮಾಡಿಸುವುದು. ಇದಕ್ಕೆ ಹೊಸ ಉಪಕರಣ ಬೇಡ, ಪ್ಯಾಕೆಟ್ ಟ್ರೇಸರಿನಲ್ಲೇ ಆಗುತ್ತದೆ. ಸಿಸಿಐಇಗೆ ಕೂರಲು ಹೊರಟಿರುವ ಓದುಗರು ಇದೇ ನಾಲ್ಕನ್ನು ದಿನದ ಅಭ್ಯಾಸದ ಕೊನೆಯ ಅರ್ಧ ತಾಸಿನಲ್ಲಿ ಮಾಡಿಕೊಳ್ಳಿ, ಅದಕ್ಕೆ ಮೊದಲು ಪ್ರಶ್ನೆಯಲ್ಲಿರುವ ‘ಬೇಡ’ಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ.